ನೂರು ವ್ಯಾಟಿನ ರೇಡಿಯೊ, ಮೂರು ಮಾಲೀಕರ ಹಾಡು

ಶಿಶುನಾಳ ಷರೀಫರ ತತ್ವಪದ ಯಾರದ್ದು? ಷರೀಫರದ್ದು ಅಂತೀರಿ. ಅರ್ಧ ಸರಿ.

ಷರೀಫರು ತೀರಿಕೊಂಡಿದ್ದು 1889ರಲ್ಲಿ. ಆ ಸಾಹಿತ್ಯದ ಮೇಲೆ ಇವತ್ತು ಯಾರ ಕಾಪಿರೈಟೂ ಇಲ್ಲ. ನೀವೂ ಹಾಡಬಹುದು, ನಾನೂ ಹಾಡಬಹುದು (ನಾನು ಹಾಡದಿದ್ರೆ ಎಲ್ಲರಿಗೂ ಒಳ್ಳೇದು). ಆದ್ರೆ ನಮ್ಮ ಕಿವಿಯಲ್ಲಿ ಕೂತಿರೋದು ಬರೀ ಸಾಹಿತ್ಯ ಅಲ್ಲ, ಸಿ. ಅಶ್ವಥ್ ಅವರ ಧಾಟಿ. ಧಾಟಿ ಬೇರೆಯದೇ ಒಂದು ಕೃತಿ. ನಮ್ಮ ಕಾನೂನಿನಲ್ಲಿ ಸಂಗೀತ ಸಂಯೋಜಕರ ಹಕ್ಕು ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಇರುತ್ತೆ. ಅಶ್ವಥ್ ಹೋಗಿದ್ದು 2009ರ ಡಿಸೆಂಬರ್‌ನಲ್ಲಿ, ಹಾಗಾಗಿ 2069ರ ಕೊನೆಯವರೆಗೆ ಆ ಧಾಟಿಗೆ ವಾರಸುದಾರರಿದ್ದಾರೆ. ಮೂರನೆಯದು ರೆಕಾರ್ಡಿಂಗ್. ಸ್ಟುಡಿಯೊ ಬಾಡಿಗೆ ಕೊಟ್ಟು, ವಾದ್ಯದವರನ್ನ ಕರೆಸಿ, ಕ್ಯಾಸೆಟ್ ಮಾಡಿ ಮಾರಿದ ಕಂಪನಿಯ ಹಕ್ಕು ಅದು. ಕ್ಯಾಸೆಟ್ 1990ರಲ್ಲಿ ಬಂತು ಅಂತಿಟ್ಟುಕೊಳ್ಳಿ, 2050ರ ಕೊನೆಯವರೆಗೆ ಅದು ಆ ಕಂಪನಿಯದ್ದು.

ಒಂದೇ ಹಾಡು, ಮೂರು ಪದರ, ಮೂರು ಬೇರೆ ಬೇರೆ ಎಕ್ಸ್‌ಪೈರಿ ಡೇಟ್. ನಮ್ಮ ಕಸುಬಿನವರಿಗೆ ಇದು ಹೊಸದೇನಲ್ಲ. ಒಂದು ಆ್ಯಪ್ ಒಳಗೆ ಇಪ್ಪತ್ತು ಲೈಬ್ರರಿ ಇದ್ರೆ ಇಪ್ಪತ್ತಕ್ಕೂ ಬೇರೆ ಬೇರೆ ಲೈಸೆನ್ಸ್ ಇರುತ್ತೆ. ರಿಲೀಸ್‌ಗೆ ಮುಂಚೆ ಆಫೀಸಲ್ಲಿ ಸ್ಕ್ಯಾನ್ ಮಾಡಿ ಪಟ್ಟಿ ತೆಗೀತೀವಿ, ಯಾವುದಾದ್ರೂ ಒಂದು ತಕರಾರು ಇದ್ರೆ ಲೀಗಲ್‌ನವರು ಮೇಲ್ ಮೇಲೆ ಮೇಲ್ ಹಾಕ್ತಾರೆ. ಅದೇ ನಾವು ಸಂಜೆ ಮನೆಗೆ ಬಂದು ಯಾರದ್ದೋ ಹಾಡನ್ನ ಸ್ಟೇಟಸ್‌ಗೆ ಹಾಕುವಾಗ ಯಾವ ಸ್ಕ್ಯಾನೂ ಇಲ್ಲ.

ಈ ಲೆಕ್ಕ ನನ್ನ ತಲೆಗೆ ಹತ್ತಿದ್ದು ಒಂದು ಸಮುದಾಯ ರೇಡಿಯೊದಿಂದ. ಹಳೇ ಮೈಸೂರು ಕಡೆಯ ಒಂದು ಪುಟ್ಟ ಸ್ಟೇಷನ್‌ಗೆ ತಿಂಗಳಿಗೆ ಎರಡು ಶನಿವಾರ ಹೋಗ್ತೀನಿ. ಕಂಪ್ಯೂಟರ್ ಸರಿ ಮಾಡೋದು, ಆಡಿಯೊ ಫೈಲ್‌ಗಳಿಗೆ ಹೆಸರಿಟ್ಟು ಜೋಡಿಸೋದು, ಬ್ಯಾಕಪ್ ನೋಡಿಕೊಳ್ಳೋದು, ಇಷ್ಟೇ ನನ್ನ ಕೆಲಸ. ಸಂಬಳ ಇಲ್ಲ, ಮಧ್ಯಾಹ್ನ ಮುದ್ದೆ ಸಾರು ಇದೆ.

ಸಮುದಾಯ ರೇಡಿಯೊ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಬೆಂಗಳೂರಲ್ಲಿ ಕಾರಿನಲ್ಲಿ ಕೇಳೋ ಎಫ್‌ಎಂ ಅಲ್ಲ ಇದು. 1995ರಲ್ಲಿ ಸುಪ್ರೀಂ ಕೋರ್ಟ್ ಗಾಳಿಯ ಅಲೆಗಳು ಸಾರ್ವಜನಿಕ ಆಸ್ತಿ ಅಂತ ಹೇಳಿತು. ಆಮೇಲೆ 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ರೇಡಿಯೊ ನಡೆಸಲು ಅನುಮತಿ ಸಿಕ್ಕಿತು. ಅದಕ್ಕೂ ಮುಂಚೆಯೇ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಅಂತ ಶುರುವಾಗಿತ್ತು. ಗಾಳಿಯಲ್ಲಿ ಬಿಡೋಕೆ ಕಾನೂನು ಬಿಡ್ತಿರಲಿಲ್ಲ, ಹಾಗಾಗಿ ಕೇಬಲ್ ಎಳೆದು ಮನೆ ಮನೆಗೆ ಕಾರ್ಯಕ್ರಮ ಮುಟ್ಟಿಸಿದ್ರು. ಇವತ್ತು ದೇಶದಲ್ಲಿ ಸುಮಾರು 500 ಸಮುದಾಯ ಕೇಂದ್ರಗಳಿವೆ. ಸಾಮಾನ್ಯವಾಗಿ 100 ವ್ಯಾಟ್ ಶಕ್ತಿ, ಐದರಿಂದ ಹತ್ತು ಕಿಲೋಮೀಟರ್ ವ್ಯಾಪ್ತಿ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧ ಅಲ್ಲಿನ ಜನರೇ ಸ್ಥಳೀಯವಾಗಿ ಮಾಡಿದ್ದಾಗಿರಬೇಕು. ಸ್ವಂತ ಸುದ್ದಿ ಓದೋ ಹಾಗಿಲ್ಲ, ಆಕಾಶವಾಣಿಯ ಸುದ್ದಿಯನ್ನ ಇದ್ದ ಹಾಗೆ ಪ್ರಸಾರ ಮಾಡಬಹುದು ಅಷ್ಟೆ. (ಊರಿನ ರೇಡಿಯೊ ಊರಿನ ಸುದ್ದಿ ಹೇಳಬಾರದು ಅನ್ನೋದು ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಅದು ಇನ್ನೊಂದು ಅಂಕಣದ ವಿಷಯ.)

ದುಡ್ಡು? ಗಂಟೆಗೆ ಇಂತಿಷ್ಟು ನಿಮಿಷ ಜಾಹೀರಾತು ಹಾಕಬಹುದು. ಮೊದಲು ಏಳು ನಿಮಿಷ ಇತ್ತು, 2024ರಲ್ಲಿ ಹನ್ನೆರಡು ಮಾಡಿದ್ರು. ಸರ್ಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 52 ರೂಪಾಯಿಯಿಂದ 74ಕ್ಕೆ ಏರಿತು. ಕೇಳೋಕೆ ಚೆನ್ನಾಗಿದೆ, ಆದ್ರೆ ಹನ್ನೆರಡು ನಿಮಿಷ ತುಂಬುವಷ್ಟು ಜಾಹೀರಾತು ತಾಲ್ಲೂಕು ಕೇಂದ್ರದಲ್ಲಿ ಎಲ್ಲಿಂದ ಬರಬೇಕು? ಬಿತ್ತನೆ ಬೀಜದ ಅಂಗಡಿ, ಒಂದು ಕಣ್ಣಿನ ಆಸ್ಪತ್ರೆ, ದಸರಾ ಹೊತ್ತಿಗೆ ಒಂದು ಬಟ್ಟೆ ಅಂಗಡಿ. ಮುಗೀತು.

ಆದ್ರೆ ಜನ ಫೋನ್ ಮಾಡಿ ಕೇಳೋದೇನು? ಹಾಡು. ಬೆಳಗ್ಗೆ ಹಾಲಿನ ಡೇರಿಗೆ ಹೋಗೋವ್ರು, ಮಧ್ಯಾಹ್ನ ಟೈಲರಿಂಗ್ ಮಾಡೋ ಹೆಂಗಸರು, ಎಲ್ಲರದ್ದೂ ಒಂದೇ ಬೇಡಿಕೆ, "ಅಣ್ಣಾವ್ರ ಒಂದು ಹಾಡು ಹಾಕಿ". ಭೂಚೇತನ, ಪೌಷ್ಟಿಕ ಆಹಾರ, ಪಹಣಿ ತಿದ್ದುಪಡಿ ಇವೆಲ್ಲ ಮುಖ್ಯವೇ. ಆದ್ರೆ ಹಾಡಿಲ್ಲದ ರೇಡಿಯೊವನ್ನ ಯಾರೂ ದಿನವಿಡೀ ಹಚ್ಚಿಡಲ್ಲ. ಹಚ್ಚಿಡದಿದ್ರೆ ಪಹಣಿ ಕಾರ್ಯಕ್ರಮವೂ ಕಿವಿಗೆ ಬೀಳಲ್ಲ. ಹಾಗಾಗಿ ಹಾಡಿನ ಲೈಸೆನ್ಸ್ ಅನ್ನೋದು ಇಂಥ ಸ್ಟೇಷನ್‌ಗಳಿಗೆ ಅಡಿಟಿಪ್ಪಣಿ ಅಲ್ಲ, ಉಳಿಯೋ ಪ್ರಶ್ನೆ.

ಈಗ ಆ ಮೂರು ಮಾಲೀಕರ ಹತ್ರ ಹೋಗೋಣ. ಗೀತರಚನೆಕಾರರು, ಸಂಯೋಜಕರು, ಮ್ಯೂಸಿಕ್ ಪಬ್ಲಿಷರ್‌ಗಳ ಪರವಾಗಿ ಐಪಿಆರ್‌ಎಸ್ ಇದೆ, 1969ರಲ್ಲಿ ಹುಟ್ಟಿದ್ದು. ರೆಕಾರ್ಡಿಂಗ್ ಕಂಪನಿಗಳ ಕಡೆಯಿಂದ ಪಿಪಿಎಲ್ ಇದೆ. ಕೆಲವು ದೊಡ್ಡ ಕಂಪನಿಗಳು ಯಾರ ಮೂಲಕವೂ ಬರಲ್ಲ, ನಮ್ಮ ಹತ್ರ ನೇರ ಮಾತಾಡಿ ಅಂತವೆ. ಅಂದ್ರೆ ಒಂದೇ ಹಾಡಿಗೆ ಎರಡು ಕಡೆ ಅರ್ಜಿ, ಎರಡು ಬಿಲ್. ಇದರಲ್ಲಿ ಅನ್ಯಾಯ ಏನಿಲ್ಲ, ನಿಜ ಹೇಳಬೇಕಂದ್ರೆ. 2012ಕ್ಕೆ ಮುಂಚೆ ಸಿನಿಮಾ ಹಾಡು ಬರೆದವರು ಒಂದು ಸಲ ದುಡ್ಡು ತಗೊಂಡು ಸಹಿ ಹಾಕಿದ್ರೆ ಸಾಮಾನ್ಯವಾಗಿ ಕಥೆ ಅಲ್ಲಿಗೇ ಮುಗೀತಿತ್ತು. ಜಾವೇದ್ ಅಖ್ತರ್ ಮುಂತಾದವರು ಹಟ ಹಿಡಿದು ಹೋರಾಡಿದ ಮೇಲೆ ಕಾನೂನು ತಿದ್ದುಪಡಿ ಆಯ್ತು, ರಾಯಲ್ಟಿಯ ಸಮಪಾಲು ಪಡೆಯುವ ಹಕ್ಕನ್ನ ಬರೆದವರು ಬರೆದುಕೊಟ್ಟರೂ ಕಳೆದುಕೊಳ್ಳೋ ಹಾಗಿಲ್ಲ ಅಂತಾಯ್ತು. ಹಾಡು ಬರೆದವರಿಗೆ ದುಡ್ಡು ಹೋಗಬೇಕು. ನಾವು ಸಣ್ಣವರು, ನಮಗೆ ಪುಕ್ಕಟೆ ಕೊಡಿ ಅನ್ನೋ ವಾದ ನನಗೆ ಹಿಡಿಸಲ್ಲ. ಪ್ರಶ್ನೆ ಎಷ್ಟು, ಯಾವ ಲೆಕ್ಕದಲ್ಲಿ ಅನ್ನೋದು.

ಲೆಕ್ಕದ ವಿಷಯದಲ್ಲಿ ಒಂದು ಚಂದದ ಪದ ಇದೆ. ನೀಡಲ್ ಅವರ್. ಗ್ರಾಮಫೋನ್ ಸೂಜಿ ತಟ್ಟೆಯ ಮೇಲೆ ಕೂತಿರೋ ಸಮಯ. ನಿರೂಪಕಿ ಮಾತಾಡಿದ್ದು, ಜಾಹೀರಾತು ಬಂದಿದ್ದು ಬಿಟ್ಟು, ಹಾಡು ಓಡಿದ ನಿಮಿಷಗಳನ್ನ ಮಾತ್ರ ಕೂಡಿಸಿದ್ರೆ ಎಷ್ಟು ಗಂಟೆ ಆಯ್ತೋ ಅಷ್ಟಕ್ಕೆ ದುಡ್ಡು. ಸೂಜಿ ಹೋಗಿ ಎಷ್ಟೋ ಕಾಲ ಆಯ್ತು, ಲೆಕ್ಕ ಮಾತ್ರ ಉಳ್ಕೊಂಡಿದೆ. ಇನ್ನೊಂದು ಲೆಕ್ಕ ಆದಾಯದ ಪಾಲು. 2010ರ ಆಗಸ್ಟ್‌ನಲ್ಲಿ ಕಾಪಿರೈಟ್ ಬೋರ್ಡ್ ಖಾಸಗಿ ಎಫ್‌ಎಂಗಳಿಗೆ ಜಾಹೀರಾತಿನ ನಿವ್ವಳ ಆದಾಯದ ಶೇ. 2 ಅಂತ ನಿಗದಿ ಮಾಡಿತು. ಹತ್ತು ವರ್ಷ ಆದ ಮೇಲೆ, 2020ರ ಡಿಸೆಂಬರ್ 31ರಂದು, ಆಗಿದ್ದ ಮೇಲ್ಮನವಿ ಮಂಡಳಿ ಮತ್ತೆ ಸೂಜಿ ಗಂಟೆಗೇ ಹಿಂತಿರುಗಿತು. ಕೆಲವೇ ತಿಂಗಳಲ್ಲಿ ಆ ಮಂಡಳಿಯನ್ನೇ ರದ್ದು ಮಾಡಿ ಅದರ ಕೆಲಸವನ್ನ ನ್ಯಾಯಾಲಯಗಳಿಗೆ ಒಪ್ಪಿಸಿದ್ರು. ಇವೆಲ್ಲ ದೊಡ್ಡ ಎಫ್‌ಎಂ ಕಂಪನಿಗಳೂ ದೊಡ್ಡ ಮ್ಯೂಸಿಕ್ ಕಂಪನಿಗಳೂ ಹೊಡೆದಾಡಿಕೊಂಡ ಕೇಸುಗಳು. ಆನೆಗಳ ಜಗಳದಲ್ಲಿ ನಮ್ಮ 100 ವ್ಯಾಟ್ ಹುಲ್ಲು.

ಎರಡು ಲೆಕ್ಕದ ವ್ಯತ್ಯಾಸ ಏನು ಅಂತ ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲೇ ನೋಡಬಹುದು. ಒಂದು ಸ್ಟೇಷನ್‌ಗೆ ತಿಂಗಳಿಗೆ 20,000 ರೂಪಾಯಿ ಜಾಹೀರಾತು ಬಂತು ಅಂತಿಟ್ಟುಕೊಳ್ಳಿ. ಶೇ. 2 ಅಂದ್ರೆ 400 ರೂಪಾಯಿ. ಜಾಹೀರಾತು ಬರದ ತಿಂಗಳು ಸೊನ್ನೆ. ಅದೇ ಸ್ಟೇಷನ್ ದಿನಕ್ಕೆ ನಾಲ್ಕು ಗಂಟೆ ಹಾಡು ಹಾಕಿದ್ರೆ ತಿಂಗಳಿಗೆ 120 ಸೂಜಿ ಗಂಟೆ. ದರ ಗಂಟೆಗೆ ಬರೀ 20 ರೂಪಾಯಿ ಅಂತ ಊಹಿಸಿದ್ರೂ 2,400 ರೂಪಾಯಿ, ಜಾಹೀರಾತು ಬಂದರೂ ಬರದಿದ್ರೂ. ಇದು ನಾನು ಉದಾಹರಣೆಗೆ ಇಟ್ಟ ದರ, ನಿಜದ ದರ ಅಲ್ಲ. ಆದ್ರೆ ಗಣಿತದ ಆಕಾರ ಅದೇ. ಆದಾಯದ ಪಾಲು ಬಡವರ ಜೊತೆ ಕುಗ್ಗುತ್ತೆ, ಸೂಜಿ ಕುಗ್ಗಲ್ಲ. ಲಾಭಕ್ಕಾಗಿ ನಡೆಯದ ಕೇಂದ್ರಗಳಿಗೆ ಆದಾಯದ ಪಾಲನ್ನೇ ಇಡಬೇಕು ಅನ್ನೋದು ನನ್ನ ಅಭಿಪ್ರಾಯ, ಅದಕ್ಕೆ ಕಾರಣ ಕರುಣೆ ಅಲ್ಲ. ವರ್ಷಕ್ಕೆ ಐದು ಸಾವಿರ ಕಟ್ಟೋ 500 ಕೇಂದ್ರ ಇರೋದು, ಹೆದರಿ ಹಾಡೇ ನಿಲ್ಲಿಸಿದ 500 ಕೇಂದ್ರ ಇರೋದಕ್ಕಿಂತ ಹಾಡು ಬರೆದವರಿಗೂ ಲಾಭವೇ.

2012ರ ತಿದ್ದುಪಡಿಯಲ್ಲಿ ಒಂದು ಬಾಗಿಲು ತೆರೆದಿದ್ದಾರೆ. ಸೆಕ್ಷನ್ 31ಡಿ. ಈಗಾಗಲೇ ಪ್ರಕಟವಾದ ಹಾಡನ್ನ ಯಾವುದೇ ಪ್ರಸಾರ ಸಂಸ್ಥೆ ಮುಂಚಿತವಾಗಿ ನೋಟಿಸ್ ಕೊಟ್ಟು, ನಿಗದಿಯಾದ ದರ ಕಟ್ಟಿ ಪ್ರಸಾರ ಮಾಡಬಹುದು. ಮಾಲೀಕರು ಒಲ್ಲೆ ಅನ್ನೋ ಹಾಗಿಲ್ಲ. ಓದಿದಾಗ ಖುಷಿ ಆಯ್ತು. ಆಮೇಲೆ ಅದರ ನಿಯಮ 29 ಓದಿದೆ. ಐದು ದಿನ ಮುಂಚೆ, ಪ್ರತಿ ಮಾಲೀಕರಿಗೂ ಪ್ರತ್ಯೇಕ ನೋಟಿಸ್, ಯಾವ ಹಾಡು, ಯಾರು ಬರೆದದ್ದು, ಯಾವ ಹೊತ್ತಲ್ಲಿ, ಎಷ್ಟು ಹೊತ್ತು. ಅನಿರೀಕ್ಷಿತ ಸಂದರ್ಭ ಇದ್ದರೆ ಮಾತ್ರ ಪ್ರಸಾರ ಆದ 24 ಗಂಟೆಯೊಳಗೆ ಕೊಡಬಹುದಂತೆ. ಕೇಳುಗರ ಕೋರಿಕೆಯ ಕಾರ್ಯಕ್ರಮದಲ್ಲಿ ಎಲ್ಲವೂ ಅನಿರೀಕ್ಷಿತವೇ, ಆದ್ರೆ ಪ್ರತಿ ದಿನ ಸಂಜೆ 5 ಗಂಟೆಗೆ ಸರಿಯಾಗಿ ಅನಿರೀಕ್ಷಿತ ಸಂದರ್ಭ ಬರುತ್ತೆ ಅಂತ ಯಾವ ಕೋರ್ಟಿಗೆ ಹೇಳೋದು? ಮದ್ರಾಸ್ ಹೈಕೋರ್ಟ್ 2021ರಲ್ಲಿ ಮಧ್ಯಂತರ ಆದೇಶದಲ್ಲಿ ಈ ನಿಯಮವನ್ನ ಸ್ವಲ್ಪ ಸಡಿಲ ಮಾಡಿತ್ತು. ಸುಪ್ರೀಂ ಕೋರ್ಟ್ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ನಿಯಮವನ್ನ ಕೋರ್ಟು ತಿದ್ದಿ ಬರೆಯೋ ಹಾಗಿಲ್ಲ ಅಂತ ಆ ಆದೇಶ ರದ್ದು ಮಾಡಿತು.

ನಮ್ಮಂಥ ಸಾಫ್ಟ್‌ವೇರ್‌ನವರು ತಕ್ಷಣ ಹೇಳೋ ಪರಿಹಾರ ಒಂದಿದೆ. "ಆ್ಯಪ್ ಮಾಡಿ, ಇಂಟರ್‌ನೆಟ್‌ನಲ್ಲಿ ಸ್ಟ್ರೀಮ್ ಮಾಡಿ, ಹತ್ತು ಕಿಲೋಮೀಟರ್ ಯಾಕೆ, ದುಬೈನಲ್ಲಿರೋ ನಮ್ಮೂರವರೂ ಕೇಳ್ತಾರೆ." ನನ್ನ ಟೀಮಿನ ಮೂರು ಜನ ಇದನ್ನ ಹೇಳಿದ್ರು. ಬಾಂಬೆ ಹೈಕೋರ್ಟ್ 2019ರಲ್ಲಿ ಟಿಪ್ಸ್ ಮತ್ತು ವಿಂಕ್ ನಡುವಿನ ಕೇಸಿನಲ್ಲಿ, 31ಡಿ ಇರೋದು ರೇಡಿಯೊ ಮತ್ತು ಟಿವಿ ಪ್ರಸಾರಕ್ಕೆ, ಇಂಟರ್‌ನೆಟ್‌ಗೆ ಅನ್ವಯಿಸಲ್ಲ ಅಂತ ಹೇಳಿದೆ. 2022ರಲ್ಲಿ ವಿಭಾಗೀಯ ಪೀಠವೂ ಅದನ್ನೇ ಎತ್ತಿಹಿಡೀತು. ಅಂದ್ರೆ ಟವರ್‌ನಿಂದ ಹೋಗೋ ಹಾಡಿಗೆ ಒಂದು ಕಾನೂನು, ಅದೇ ಕ್ಷಣ ಅದೇ ಹಾಡು ಆ್ಯಪ್‌ನಿಂದ ಹೋದ್ರೆ ಬೇರೆ ಒಪ್ಪಂದ ಬೇಕು. ಹಾಗಾಗಿ ನಮ್ಮ ಸ್ಟೇಷನ್‌ನ ಆನ್‌ಲೈನ್ ಸ್ಟ್ರೀಮ್‌ನಲ್ಲಿ ಸಿನಿಮಾ ಹಾಡು ಬಂದಾಗ ಅದು ತಾನಾಗೇ ಕಟ್ ಆಗಿ ಹಕ್ಕಿ ಕೂಗೋ ಸದ್ದು ಬರೋ ಹಾಗೆ ಒಂದು ಸ್ಕ್ರಿಪ್ಟ್ ಬರೆದೆ. ಹಕ್ಕಿಗಳದ್ದು ನಾವೇ ಕೆರೆ ಏರಿ ಮೇಲೆ ರೆಕಾರ್ಡ್ ಮಾಡಿದ್ದು. ದುಬೈನ ಒಬ್ಬರು ಮೆಸೇಜ್ ಹಾಕಿದ್ರು, "ಹಾಡಿಗಿಂತ ಇದೇ ಚೆನ್ನಾಗಿದೆ."

ಹಾಗಾದ್ರೆ ಜನಪದ ಹಾಡು ಹಾಕಿ, ಅದಕ್ಕೆ ಮಾಲೀಕರೇ ಇಲ್ಲ ಅಲ್ವಾ? ಎಲ್ಲರೂ ಹೀಗೇ ಅಂದುಕೊಳ್ತಾರೆ. ಇಲ್ಲಿ ನಡೆದ ಒಂದು ವಿಷಯ ಹೇಳ್ತೀನಿ.

ಸ್ಟೇಷನ್‌ಗೆ ಒಬ್ಬ ಅಜ್ಜಿ ಬರ್ತಾರೆ. ಎಪ್ಪತ್ತು ದಾಟಿದೆ. ಸೋಬಾನೆ, ಬೀಸುಕಲ್ಲಿನ ಪದ, ಬಾಣಂತಿ ನೀರಿನ ಪದ, ಗಂಟೆಗಟ್ಟಲೆ ಹಾಡ್ತಾರೆ, ಕಾಗದ ಇಲ್ಲ, ಫೋನ್ ಇಲ್ಲ. ಅವರ ಹಾಡುಗಳನ್ನ ಕಾರ್ಯಕ್ರಮ ನೋಡಿಕೊಳ್ಳೋ ಅಕ್ಕ ರೆಕಾರ್ಡ್ ಮಾಡಿ ಪ್ರಸಾರ ಮಾಡಿದ್ರು, ಒಂದು ವಿಡಿಯೊ ತಾಣಕ್ಕೂ ಏರಿಸಿದ್ರು. ಒಂದು ವರ್ಷ ಆದ ಮೇಲೆ ಯಾರೋ ಅದರಲ್ಲಿ ಎರಡು ನಿಮಿಷ ಕತ್ತರಿಸಿ, ಕೆಳಗೆ ಬೀಟ್ ಸೇರಿಸಿ, ಮದುವೆ ರೀಲ್ಸ್‌ಗೆ ಸರಿಹೋಗೋ ಹಾಗೆ ಮಾಡಿ ತಮ್ಮ ಹೆಸರಲ್ಲಿ ಬಿಡುಗಡೆ ಮಾಡಿದ್ರು. ಅದು ಓಡಿತು. ಓಡಿದ ಮೇಲೆ ಒಂದು ಬೆಳಗ್ಗೆ ಸ್ಟೇಷನ್‌ನ ಚಾನೆಲ್‌ಗೆ ನೋಟಿಸ್ ಬಂತು. ನಿಮ್ಮ ವಿಡಿಯೊದಲ್ಲಿ ಬೇರೆಯವರ ಕಾಪಿರೈಟ್ ಇರುವ ಧ್ವನಿ ಇದೆ. ಅಜ್ಜಿಯ ದನಿ ಅಜ್ಜಿಯ ವಿಡಿಯೊದಲ್ಲಿ ಇರೋದೇ ತಪ್ಪು ಅಂತ!

ಯಂತ್ರಕ್ಕೆ ಗೊತ್ತಾಗೋದು ಎರಡು ಧ್ವನಿ ಒಂದೇ ಅನ್ನೋದು ಮಾತ್ರ. ಯಾವುದು ಮೊದಲು ಅನ್ನೋದಲ್ಲ, ಯಾರು ಮೊದಲು ಹಕ್ಕು ನೋಂದಾಯಿಸಿದರು ಅನ್ನೋದು ಅದಕ್ಕೆ ಮುಖ್ಯ. ಅಂಥ ವ್ಯವಸ್ಥೆಗಳು ಹೇಗೆ ಕೆಲಸ ಮಾಡ್ತವೆ ಅಂತ ನನಗೆ ಸುಮಾರಾಗಿ ಗೊತ್ತು, ಗೊತ್ತಿದ್ದಿದ್ದಕ್ಕೇ ಇನ್ನೂ ಸಿಟ್ಟು ಬಂತು.

ಕಾನೂನು ಏನನ್ನುತ್ತೆ ಅಂದ್ರೆ, ಪರಂಪರೆಯಿಂದ ಬಂದ ಪದಕ್ಕೆ ಕಾಪಿರೈಟ್ ಇಲ್ಲ, ಸರಿ. ಆದ್ರೆ ಆ ಪದವನ್ನ ಅವತ್ತು ಆ ಮೈಕಿನ ಮುಂದೆ ಹಾಡಿದ ಅಜ್ಜಿಗೆ ಸೆಕ್ಷನ್ 38ರ ಕೆಳಗೆ ಪ್ರದರ್ಶಕಿಯ ಹಕ್ಕು ಇದೆ, 50 ವರ್ಷ. ಅವರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡೋ ಹಾಗಿಲ್ಲ, ಮಾರೋ ಹಾಗಿಲ್ಲ. ಹಾಡಿದವರು ಇವರೇ ಅಂತ ಗುರುತಿಸಬೇಕು ಅನ್ನೋ ಹಕ್ಕೂ ಇದೆ. ರೆಕಾರ್ಡಿಂಗ್‌ನ ಹಕ್ಕು ಅದನ್ನ ಮಾಡಿದ ಸ್ಟೇಷನ್‌ದು. ಬೀಟ್ ಸೇರಿಸಿದವರಿಗೆ ಇರೋದು ಹೆಚ್ಚೆಂದರೆ ಬೀಟಿನ ಹಕ್ಕು.

ನಮ್ಮನ್ನ ಕಾಪಾಡಿದ್ದು ಎರಡು ವಸ್ತು. ಒಂದು, ಮೂಲ ಫೈಲ್, ಅದರ ತಾರೀಖು ಸಮೇತ, ಬ್ಯಾಕಪ್‌ನಲ್ಲಿತ್ತು. ಇನ್ನೊಂದು, ಆ ಅಕ್ಕ ಮೊದಲ ದಿನವೇ ಕನ್ನಡದಲ್ಲಿ ಬರೆದು, ಓದಿ ಹೇಳಿ, ಅಜ್ಜಿಯ ಹೆಬ್ಬೆಟ್ಟು ಹಾಕಿಸಿಕೊಂಡಿದ್ದ ಒಂದು ಹಾಳೆ. ಯಾವ ವಕೀಲರೂ ಹೇಳಿಕೊಟ್ಟಿರಲಿಲ್ಲ. "ಅವ್ರ ಮನೆ ಸೊತ್ತು ತಗೋತಿದೀವಿ, ಚೀಟಿ ಕೊಡಬೇಡ್ವಾ" ಅಂತ ಅವರ ಲೆಕ್ಕ. ಎರಡನ್ನೂ ಸ್ಕ್ಯಾನ್ ಮಾಡಿ ತಕರಾರು ಸಲ್ಲಿಸಿದ್ವಿ. ಮೂರು ವಾರ ಆದ ಮೇಲೆ ಎದುರಿನವರು ತಮ್ಮ ಕ್ಲೈಮ್ ವಾಪಸ್ ತಗೊಂಡ್ರು. ಆ ರೀಲ್ಸ್ ಹಾಡಿನಿಂದ ಅಜ್ಜಿಗೆ ಬರಬೇಕಾಗಿದ್ದ ದುಡ್ಡು? ಅದರ ಬಗ್ಗೆ ಬರೆದ ಪತ್ರಕ್ಕೆ ಇದುವರೆಗೆ ಉತ್ತರ ಇಲ್ಲ.

ಅಜ್ಜಿಗೆ ಇದನ್ನೆಲ್ಲ ವಿವರಿಸೋದು ನನ್ನ ಪಾಲಿಗೆ ಬಂತು. ಎಲ್ಲ ಕೇಳಿಸಿಕೊಂಡು ಅವರಂದಿದ್ದು, "ಪದ ನಂದಲ್ಲ ಕಣಪ್ಪ, ನಮ್ಮತ್ತೆದು. ನಾನು ಈ ಮನೆಗೆ ಬಂದ ಮೇಲೆ ಕಲ್ತಿದ್ದು. ದುಡ್ಡು ಬಂದ್ರೆ ಬರ್ಲಿ. ಹಾಡೋಕ್ ಮುಂಚೆ ಅತ್ತೆ ಹೆಸ್ರು ಒಂದ್ ಹೇಳಿಬಿಡಿ."

ಹೆಸರು ಹೇಳೋದು ಬರೀ ಸೌಜನ್ಯ ಅಲ್ಲ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. 31ಡಿಯಲ್ಲೇ ಇದೆ, ರೆಕಾರ್ಡ್ ಆದ ಹಾಡನ್ನ ಪ್ರಸಾರ ಮಾಡುವಾಗ ಬರೆದವರ, ಸಂಯೋಜಿಸಿದವರ, ಮುಖ್ಯ ಹಾಡುಗಾರರ ಹೆಸರು ಹೇಳಬೇಕು. ಆಕಾಶವಾಣಿ ಕೇಳಿ ಬೆಳೆದವರಿಗೆ ಇದು ರಕ್ತದಲ್ಲೇ ಇದೆ. ಚಿತ್ರ ಯಾವುದು, ಸಾಹಿತ್ಯ ಯಾರದ್ದು, ಸಂಗೀತ ಯಾರದ್ದು, ಹಾಡಿದವರು ಯಾರು, ಆಮೇಲೇ ಹಾಡು. ನಮ್ಮಪ್ಪನಿಗೆ ಹಳೇ ಹಾಡಿನ ಸಾಹಿತಿಗಳ ಹೆಸರೆಲ್ಲ ಬಾಯಿಪಾಠ ಆಗಿದ್ದು ಹಾಗೆ. ಇವತ್ತಿನ ಎಫ್‌ಎಂನಲ್ಲಿ ನಿರೂಪಕರ ಹೆಸರು ಹತ್ತು ಸಲ ಬರುತ್ತೆ, ಹಾಡು ಬರೆದವರದ್ದು ಒಂದು ಸಲವೂ ಇಲ್ಲ. ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಸಾಹಿತಿಯ ಹೆಸರು ಹುಡುಕಬೇಕಂದ್ರೆ ಮೂರು ಮೆನು ಒಳಗೆ ಹೋಗಬೇಕು, ಅಲ್ಲೂ ಎಷ್ಟೋ ಸಲ ತಪ್ಪಿರುತ್ತೆ. ನಾಡಗೀತೆಗೆ ಯಾವ ಧಾಟಿ ಅನ್ನೋದೇ ಹೈಕೋರ್ಟ್ ತನಕ ಹೋದ ರಾಜ್ಯ ನಮ್ಮದು, ಧಾಟಿ ಹಾಕಿದವರು ಯಾರು ಅನ್ನೋದು ನಮಗೆ ಅಷ್ಟು ಮುಖ್ಯ. ಆದ್ರೂ ದಿನನಿತ್ಯದ ಹಾಡಿಗೆ ಹೆಸರು ಹೇಳೋಕೆ ಐದು ಸೆಕೆಂಡ್ ಇಲ್ಲ.

ಹೊಸಬರು ಹಾಡಿ ಕವರ್ ಮಾಡಿಸಿದ್ರೆ ಆಗಲ್ವಾ ಅಂತ ಯಾರಾದ್ರೂ ಕೇಳಬಹುದು. ಅದಕ್ಕೂ ಕಾನೂನಿನಲ್ಲಿ ದಾರಿ ಇದೆ, 31ಸಿ. ಮೂಲ ಬಂದು ಐದು ವರ್ಷ ಆಗಿರಬೇಕು, ಮತ್ತೆ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಲ್ಟಿ ಕಟ್ಟಬೇಕು. ಹತ್ತು ಕಿಲೋಮೀಟರ್ ರೇಡಿಯೊಗೆ 50,000 ಪ್ರತಿ. ಬಿಡಿ.

ಈಗ ಸ್ಟೇಷನ್‌ನಲ್ಲಿ ಹೀಗೆ ನಡೀತಿದೆ. ಸಿನಿಮಾ ಹಾಡು ದಿನಕ್ಕೆ ನಲವತ್ತು ನಿಮಿಷ, ಲೈಸೆನ್ಸ್ ಇರೋ ಪಟ್ಟಿಯಿಂದ ಮಾತ್ರ. ಕೋರಿಕೆ ಕಾರ್ಯಕ್ರಮಕ್ಕೆ ವಾರದ ಮುಂಚೆಯೇ ಫೋನ್ ತಗೋತಾರೆ, "ಮುಂದಿನ ಗುರುವಾರ ಹಾಕ್ತೀವಿ ಅಕ್ಕ" ಅಂತ. ಜನ ಮೊದಲು ಬೈದ್ರು, ಆಮೇಲೆ ಗುರುವಾರಕ್ಕೆ ಕಾಯೋದು ಅಭ್ಯಾಸ ಆಯ್ತು. ಉಳಿದ ಹೊತ್ತಿಗೆ ವಚನ, ದಾಸರ ಪದ, ಇವನ್ನ ಊರಿನ ಶಾಲೆಯ ಸಂಗೀತ ಮೇಷ್ಟ್ರು ಸ್ವಂತ ಧಾಟಿಯಲ್ಲಿ ಹಾಡಿಸ್ತಾರೆ. ಬೇಂದ್ರೆಯವರ ಕವಿತೆಗೆ 2041 ಕಳೆಯೋವರೆಗೆ, ಕುವೆಂಪು ಅವರದ್ದಕ್ಕೆ 2054 ಕಳೆಯೋವರೆಗೆ ಅನುಮತಿ ಬೇಕು ಅಂತ ಗೋಡೆಗೆ ಒಂದು ಚಾರ್ಟ್ ಅಂಟಿಸಿದ್ದೀನಿ. ಮೇಷ್ಟ್ರು ಅದನ್ನ ನೋಡಿ, "ಅಷ್ಟೊತ್ತಿಗೆ ನಾನು ಇರಲ್ಲ, ನೀನು ಹಾಡಿಸು" ಅಂದ್ರು.

ನಾನು ಬರೆದ ಪುಟ್ಟ ಸಾಫ್ಟ್‌ವೇರ್‌ನಲ್ಲಿ ಪ್ರತಿ ಹಾಡಿಗೂ ಏಳು ಕಾಲಂ ಇವೆ. ಹಾಡು, ಸಾಹಿತ್ಯ, ಧಾಟಿ, ಹಾಡಿದವರು, ರೆಕಾರ್ಡಿಂಗ್ ಯಾರದ್ದು, ಯಾವ ವರ್ಷ, ಒಪ್ಪಿಗೆ ಪತ್ರ ಎಲ್ಲಿದೆ. ಏಳೂ ತುಂಬದಿದ್ರೆ ಪ್ಲೇ ಬಟನ್ ಒತ್ತೋಕೇ ಬರಲ್ಲ. ಸಾಂಪ್ರದಾಯಿಕ ಪದಗಳಿಗೆ ಸಾಹಿತ್ಯದ ಕಾಲಂನಲ್ಲಿ 'ಜನಪದ' ಅಂತ ತಾನಾಗೇ ಬರೋ ಹಾಗೆ ಮಾಡಿದ್ದೆ. ಕಳೆದ ಶನಿವಾರ ಅಕ್ಕ ಎಂಟನೇ ಕಾಲಂ ಸೇರಿಸೋಕೆ ಹೇಳಿದ್ರು: 'ಯಾರಿಂದ ಕಲಿತದ್ದು'. ಅಜ್ಜಿಯ ಮೂವತ್ತೊಂಬತ್ತು ಪದಗಳಿಗೆ ಅದು ತುಂಬಿಯಾಗಿದೆ. ಉಳಿದವರದ್ದು ಕೇಳಿ ಬರೀಬೇಕು.